ಹೊಸ 315 ರೈಫಲ್ ಬಂತು, ಮೊದಲ ಈಡಿಗೆ ಮುಂಚೆ ಎಂತೆಲ್ಲ ನೋಡಬೇಕು?

ಮುಳ್ಳೇರಿಯದ ಅಡಿಕೆ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಅಪ್ಪನ ಕಾಲದಿಂದ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಉಂಟು. ಈಗ ಅದರ ಜೊತೆಗೆ ಇಶಾಪುರ ಫ್ಯಾಕ್ಟರಿಯ 315 ರೈಫಲ್ ತೆಗೆದುಕೊಂಡೆ. ಲೈಸೆನ್ಸಿನಲ್ಲಿ ನಂಬರ್ ಏರಿಸುವುದು, ಆಫೀಸಿಗೆ ತೋರಿಸುವುದು ಎಲ್ಲ ಮುಗಿದಿದೆ. ಇನ್ನು ಒಂದೂ ಈಡು ಹೊಡೆದಿಲ್ಲ.

ಅಂಗಡಿಯವರಲ್ಲಿ "ಹೊಡೆಯುವ ಮುಂಚೆ ಎಂತಾದರೂ ನೋಡಬೇಕಾ" ಅಂತ ಕೇಳಿದೆ. "ಫ್ಯಾಕ್ಟರಿ ಮಾಲು, ಪ್ರೂಫ್ ಆಗಿ ಬಂದದ್ದು, ಏನೂ ನೋಡುವುದು ಬೇಡ, ಸೀದಾ ಹೊಡೀರಿ" ಅಂದರು. ಮನೆಗೆ ತಂದು ಬಿಚ್ಚಿದರೆ ನಳಿಗೆ ತುಂಬ ಕಂದು ಬಣ್ಣದ ಗ್ರೀಸು. ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಎಳೆದರೆ ಅಂಟಂಟು. ಇದನ್ನು ಸೀದಾ ಹೊಡೆಯುವುದು ಹೇಗೆ ಮಾರಾಯ್ರೆ? ಕೋವಿಯಾದರೆ ನನಗೆ ಗೊತ್ತುಂಟು, ಮಡಚಿ ನೋಡಿದರೆ ಆಚೆ ಬೆಳಕು ಕಾಣುತ್ತದೆ. ರೈಫಲ್ ನನಗೆ ಹೊಸತು. ತಿಳಿದವರು ಹೇಳಿ.

ಪೆರ್ಲದ ಗಾಳಿ

ಭಾವ, ಅಭಿನಂದನೆ. ಗ್ರೀಸನ್ನು ಒಂದು ಬಟ್ಟೆಯಲ್ಲಿ ಒರೆಸಿ, ಕಲ್ಲಿನ ಕೋರೆಗೆ ಹೋಗಿ ಎರಡು ಹೊಡೆದು ನೋಡಿ. ನಮ್ಮ ಕಡೆ ಎಲ್ಲರೂ ಮಾಡುವುದು ಅದೇ ಅಲ್ವಾ. ಸುಮ್ನೆ ತಲೆಬಿಸಿ ಯಾಕೆ.

ಜತ್ತದ ಫೌಜಿ

ಪೆರ್ಲದವರೇ, ಕ್ಷಮಿಸಿ, ಆ ಸಲಹೆ ವಾಪಸ್ ತಗೊಳ್ಳಿ. ಕೋರೆಯ ಮಾತು ಆಮೇಲೆ ಆಡೋಣ. ಮೊದಲು ರೈಫಲ್ ನೋಡೋಣ.

ನಾನು ಸಾಂಗ್ಲಿ ಜಿಲ್ಲೆ ಜತ್ ತಾಲ್ಲೂಕಿನವನು. ಸೈನ್ಯದಲ್ಲಿ ಇಎಂಇ ವಿಭಾಗದಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವ ಆಗಿದ್ದೆ, ಈಗ ದ್ರಾಕ್ಷಿ ಬೆಳೆಯುತ್ತೇನೆ. 315 ಅಂದರೆ ಸೈನ್ಯದ ಹಳೇ 303 ರೈಫಲ್ಲಿನ ತಮ್ಮ. ಬ್ರಿಟಿಷರ ಕಾಲದಲ್ಲಿ ಸೈನ್ಯದ ತೋಟೆ ಜನರ ಕೈಗೆ ಹೋಗಬಾರದು ಅಂತ 303 ಬಂದೂಕಿಗೇ ಬೇರೆ ನಳಿಗೆ, ಬೇರೆ ತೋಟೆ ಕೊಟ್ಟು ಮಾಡಿದ್ದು ಇದು. ಒಳಗಿನ ಯಂತ್ರ ಲೀ ಎನ್‌ಫೀಲ್ಡ್‌ನದೇ. ಅದಕ್ಕೆ 303 ಬಲ್ಲವನಿಗೆ ಇದು ಹೊಸದಲ್ಲ.

ಪ್ರೂಫ್ ಆಗಿದೆ ಅಂದರೆ ಏನು? ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟೆ ಹೊಡೆದು, ನಳಿಗೆ ಮತ್ತು ಬೋಲ್ಟ್ ತಡೆದುಕೊಂಡವು ಅಂತ ಮುದ್ರೆ ಹಾಕಿದ್ದಾರೆ. ಅದು ಫ್ಯಾಕ್ಟರಿಯಲ್ಲಿ, ಆ ದಿನ. ಆಮೇಲೆ ಅದು ಗೋದಾಮಿನಲ್ಲಿತ್ತು, ಲಾರಿಯಲ್ಲಿ ಬಂತು, ಅಂಗಡಿಯ ಗಾಜಿನ ಹಿಂದೆ ಎಷ್ಟು ಮಳೆಗಾಲ ಕಳೆಯಿತೋ, ಎಷ್ಟು ಗಿರಾಕಿಗಳು ಎಳೆದಾಡಿದರೋ. ಮುದ್ರೆ ಅದನ್ನೆಲ್ಲ ಹೇಳುವುದಿಲ್ಲ.

ಈಗ ಕೆಲಸ. ತೋಟೆಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡಿ. ಪರೀಕ್ಷೆ ಮಾಡುವ ಮೇಜಿನ ಮೇಲೆ ಒಂದೂ ನಿಜವಾದ ತೋಟೆ ಇರಬಾರದು. ತೋಟೆ ತುಂಬುವ ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆ ಎಳೆಯಿರಿ, ಚೇಂಬರ್, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗ, ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಗ್ರೀಸು ತುಂಬಿದ ಚೇಂಬರಿನಲ್ಲಿ ಕಣ್ಣು ಮೋಸ ಹೋಗುತ್ತದೆ, ಬೆರಳು ಹೋಗುವುದಿಲ್ಲ.

ಬೋಲ್ಟ್ ಪೂರಾ ಹೊರಗೆ ತೆಗೆಯುವುದು ಹೀಗೆ: ಸೇಫ್ಟಿ ಮುಂದಕ್ಕೆ ಇರಲಿ, ಬೋಲ್ಟ್ ಪೂರ್ತಿ ಹಿಂದಕ್ಕೆ ಎಳೆಯಿರಿ, ಅದರ ತುದಿಯ ಬೋಲ್ಟ್ ಹೆಡ್ಡನ್ನು ಮೇಲಕ್ಕೆ ಎತ್ತಿ, ಟಕ್ ಅಂತ ಬಿಡಿಸಿಕೊಳ್ಳುತ್ತದೆ. ಆಮೇಲೆ ಹಿಂದಿನಿಂದ ಎಳೆದರೆ ಬಂತು.

ಈಗ ನಳಿಗೆ. ನಮ್ಮಲ್ಲಿ ಪುಲ್‌ಥ್ರೂ, ಚಿಂದಿ ಅಂತೀವಿ. ದಾರದ ತುದಿಗೆ ಬಟ್ಟೆ ತುಂಡು ಕಟ್ಟಿ ಚೇಂಬರ್ ಕಡೆಯಿಂದ ಬಾಯಿಯ ಕಡೆಗೆ ಎಳೆಯುವುದು. ಉಲ್ಟಾ ಎಳೆದರೆ ಕೊಳೆಯೆಲ್ಲ ಚೇಂಬರಿಗೆ ಬರುತ್ತದೆ. ಮೊದಲ ಒಂದೆರಡು ಚಿಂದಿ ಸೀಮೆಎಣ್ಣೆಯಲ್ಲಿ ಅದ್ದಿ ಎಳೆಯಿರಿ, ಆಮೇಲೆ ಒಣ ಚಿಂದಿ. ಬಿಳಿ ಬಟ್ಟೆ ಬಿಳಿಯಾಗಿಯೇ ಬರುವ ತನಕ. ಗ್ರೀಸು ತುಂಬಿದ ನಳಿಗೆಯಲ್ಲಿ ಗುಂಡು ಹೊಡೆದರೆ ಒತ್ತಡ ಏರುತ್ತದೆ, ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಚೇಂಬರನ್ನೂ ಪೂರ್ತಿ ಒಣಗಿಸಿ. ಎಣ್ಣೆ ಇರುವ ಚೇಂಬರಿನಲ್ಲಿ ತೋಟೆಯ ಹಿತ್ತಾಳೆ ಗೋಡೆಗೆ ಕಚ್ಚಿ ನಿಲ್ಲುವುದಿಲ್ಲ, ಪೂರಾ ಒದೆತ ಬೋಲ್ಟಿನ ಮೇಲೆ ಬೀಳುತ್ತದೆ.

ಇಷ್ಟು ಮಾಡಿ ಬರೆಯಿರಿ. ಉಳಿದದ್ದು ಆಮೇಲೆ.

ಉಪ್ಪಳದ ಟೀಚರ್

ನನಗೆ ಕೋವಿ ಬಗ್ಗೆ ಗೊತ್ತಿಲ್ಲ. ಆದರೆ ಒಂದು ಪ್ರಶ್ನೆ ಉಂಟು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಒಂದು ಮನೆ, ಅದರ ಪಕ್ಕ ತೋಟ, ತೋಟದ ಆಚೆ ಇನ್ನೊಂದು ಮನೆ. ಬಯಲುಸೀಮೆಯ ಹಾಗೆ ಮೈಲುಗಟ್ಟಲೆ ಖಾಲಿ ಜಾಗ ಇಲ್ಲ. ಬೆಳೆ ತಿನ್ನುವ ಕಾಡುಹಂದಿಗೆ ರೈಫಲ್ ಬೇಕಾ? ಚರೆ ಕೋವಿ ಸಾಲದಾ?

ಜತ್ತದ ಫೌಜಿ

ಟೀಚರಮ್ಮ, ಸರಿಯಾದ ಪ್ರಶ್ನೆ. 315ರ ಗುಂಡು ಎರಡು ಕಿಲೋಮೀಟರಿಗೂ ಮೀರಿ ಹೋಗುತ್ತದೆ. ಚಿಕ್ಕ 22 ಬೋರ್ ಗುಂಡೇ ಒಂದೂವರೆ ಕಿಲೋಮೀಟರ್ ಹೋಗುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ರೈಫಲ್ ಎತ್ತಲೇಬಾರದು. ತೋಟದ ಒಳಗೆ, ಹತ್ತಿರದಿಂದ, ರಾತ್ರಿ ಹೊತ್ತು ಅಂದರೆ ನಾನಾದರೂ ಕೋವಿಯನ್ನೇ ತಗೋತೀನಿ.

ಕಲ್ಲಿನ ಕೋರೆ ಬೇಡ ಅಂದದ್ದೂ ಅದಕ್ಕೇ. ಮುರಕಲ್ಲಿನ ಗೋಡೆ ನೋಡಲು ಮೆತ್ತಗೆ, ಮಣ್ಣಿನ ಹಾಗೆ ಕಾಣುತ್ತದೆ. ಅದರಲ್ಲಿ ಗಟ್ಟಿ ಗಂಟುಗಳಿರುತ್ತವೆ. ಅದಕ್ಕೆ ತಗುಲಿದ ಗುಂಡು ಎಲ್ಲಿಗೆ ತಿರುಗುತ್ತದೆ ಅಂತ ಹೇಳುವವರಿಲ್ಲ. ಮೂರು ಕಡೆ ಗೋಡೆ ಇರುವ ಕೋರೆಯಲ್ಲಿ ಅದು ನಿಮ್ಮ ಕಡೆಗೇ ಬರಬಹುದು.

ನಿರ್ವಾಹಕ

ಒಂದು ಮಾತು. ಕೇರಳದಲ್ಲಿ 2022ರ ಮೇ ತಿಂಗಳಿನಿಂದ ಪಂಚಾಯತ್ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟಿದ್ದಾರೆ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಅವರ ಆದೇಶದ ಮೇಲೆ, ಪಟ್ಟಿಯಲ್ಲಿರುವ ಲೈಸೆನ್ಸ್‌ದಾರರು ಮಾತ್ರ ಹೊಡೆಯಬಹುದು. ವಿಷ, ಸ್ಫೋಟಕ, ಕರೆಂಟು ತಂತಿ ಯಾವುದೂ ಇಲ್ಲ. ಕಾಡುಹಂದಿ ಈಗಲೂ ವನ್ಯಜೀವಿ ಕಾಯ್ದೆಯ ಎರಡನೇ ಪಟ್ಟಿಯಲ್ಲಿರುವ ಪ್ರಾಣಿ. ಬೇಟೆಯ ಕಥೆ, ಮಾಂಸದ ಫೋಟೋ, ಮನೆಯಲ್ಲಿ ತೋಟೆ ತುಂಬುವ ವಿಷಯ ಇಲ್ಲಿ ಬೇಡ. ಲೈಸೆನ್ಸ್ ಇರುವ ಬಂದೂಕಿನ ಸುರಕ್ಷತೆಯ ಚರ್ಚೆ ಮುಂದುವರಿಯಲಿ.

ಮಡಕಶಿರದ ಶೇಂಗಾ

ನಮ್ಮ ಕಡೆಯೂ ಹಂದಿ ಕಾಟ ಇದೆ ಸಾರ್. ಶೇಂಗಾ ಕೀಳೋ ಹೊತ್ತಿಗೆ ಸರಿಯಾಗಿ ಬರ್ತವೆ. ನಮ್ಮಲ್ಲಿ ಈ ಪಂಚಾಯತ್ ಪಟ್ಟಿ ಎಲ್ಲ ಇಲ್ಲ. ರಾತ್ರಿಯೆಲ್ಲ ತಗಡು ಬಡಿಯೋದೇ ಕೆಲಸ. ಓದ್ತಾ ಇದ್ದೀನಿ, ಮುಂದುವರಿಸಿ.

ಮುಳ್ಳೇರಿಯದ ಅಡಿಕೆ

ಫೌಜಿ ಸರ್, ನೀವು ಹೇಳಿದ ಹಾಗೆ ಮಾಡಿದೆ. ಮನೆಯವಳ ಹಳೇ ಬಿಳಿ ಪಂಚೆ ಒಂದು ಹೋಯಿತು, ಬೈಗುಳ ಸಿಕ್ಕಿತು. ನಳಿಗೆ ಈಗ ಕನ್ನಡಿ. ಬೆಳಕಿಗೆ ಹಿಡಿದರೆ ಒಳಗಿನ ಸುರುಳಿ ಗೆರೆಗಳು ಚೆನ್ನಾಗಿ ಕಾಣುತ್ತವೆ.

ಟೀಚರ್ ಹೇಳಿದ್ದು ಒಪ್ಪಿದೆ. ನಮ್ಮ ಮನೆ ಗುಡ್ಡದ ಬುಡದಲ್ಲಿ, ಮೇಲಿನ ಕಡೆ ಗುಡ್ಡವೇ ಇರುವುದು. ಆ ದಿಕ್ಕಿಗೆ ಬಿಟ್ಟು ಬೇರೆ ಕಡೆ ರೈಫಲ್ ತಿರುಗಿಸುವುದಿಲ್ಲ. ಕೆಳಗಿನ ತೋಟಕ್ಕೆ ಕೋವಿಯೇ.

ಜತ್ತದ ಫೌಜಿ

ಚೆನ್ನಾಗಾಯ್ತು. ಈಗ ನಳಿಗೆಯನ್ನು ಇನ್ನೊಮ್ಮೆ ನೋಡಿ, ಈ ಸಲ ನಿಧಾನವಾಗಿ. ಬೋಲ್ಟ್ ಇಲ್ಲದೆ, ಹಿಂದಿನಿಂದ, ಬಿಳಿ ಗೋಡೆಯ ಕಡೆಗೆ ಹಿಡಿದು. ಎಲ್ಲಾದರೂ ಕಪ್ಪು ಉಂಗುರದ ಹಾಗೆ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಂತ. ಹೊರಗಿನಿಂದ ಬೆರಳು ಸವರಿದರೂ ಕೆಲವು ಸಲ ಸಿಗುತ್ತದೆ. ಬಾಯಿಯ ಅಂಚನ್ನು ಉಗುರಿನಿಂದ ಸುತ್ತ ಮುಟ್ಟಿ ನೋಡಿ. ಅಲ್ಲಿ ಒಂದು ಚಿಕ್ಕ ಕಚ್ಚು ಇದ್ದರೂ ಗುರಿ ಒಂದೇ ಕಡೆ ಎಳೆಯುತ್ತದೆ. ಅಪಾಯ ಇಲ್ಲ, ಆದರೆ ಆಮೇಲೆ ನೀವು ಸುಮ್ನೆ ಸೈಟಿಗೆ ಬೈಯುತ್ತಾ ಕೂರ್ತೀರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಬೋಲ್ಟಿನ ಹಿಡಿಯ ಬುಡದಲ್ಲಿ ಒಂದು ನಂಬರ್ ಹೊಡೆದಿರುತ್ತದೆ. ಅದು ರಿಸೀವರ್, ಅಂದರೆ ಬೋಲ್ಟ್ ಓಡಾಡುವ ಕಬ್ಬಿಣದ ಮೈ, ಅದರ ಮೇಲಿನ ನಂಬರ್ ಜೊತೆ ಹೊಂದಬೇಕು. ಗ್ರೀಸು ಒರೆಸಿ ಓದಿ ಹೇಳಿ. ನಂಬರನ್ನು ಇಲ್ಲಿ ಹಾಕಬೇಡಿ, ಹೊಂದುತ್ತದಾ ಇಲ್ವಾ ಅಷ್ಟೇ ಹೇಳಿ.

ತಾಳವಾಡಿ ರಾಗಿಹೊಲ

ನಡುವೆ ಬಾಯಿ ಹಾಕ್ತಿದ್ದೀನಿ. ನಾನು ಈರೋಡು ಜಿಲ್ಲೆ ತಾಳವಾಡಿ. ಮಾವನವರು ತೀರಿಕೊಂಡ ಮೇಲೆ ಅವರ ಜೋಡು ನಳಿಗೆ ಕೋವಿ ನನ್ನ ಹೆಸರಿಗೆ ವರ್ಗ ಆಗಿದೆ. ಇಂಗ್ಲೆಂಡಿನದು, ಬಹಳ ಹಳೇದು. ಅದೂ ನನಗೆ ಹೊಸದೇ ಅಲ್ವಾ. ಅದರಲ್ಲಿ ಏನು ನೋಡಬೇಕು? ಮೇಲೆ ಹೂವಿನ ಹಾಗೆ ಸುಳಿ ಸುಳಿ ವಿನ್ಯಾಸ ಇದೆ ನಳಿಗೆಯಲ್ಲಿ, ಬಹಳ ಚೆಂದ.

ಜತ್ತದ ಫೌಜಿ

ತಾಳವಾಡಿಯವರೇ, ಆ ಚೆಂದವೇ ತೊಂದರೆ. ಸುಳಿ ವಿನ್ಯಾಸ ಅಂದರೆ ಡಮಾಸ್ಕಸ್ ನಳಿಗೆ ಇರಬೇಕು. ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು, ಸುತ್ತಿ, ಬಡಿದು ಮಾಡಿದ್ದು. ಕರಿಮದ್ದಿನ ಕಾಲದ್ದು. ಈಗಿನ ಹೊಗೆಯಿಲ್ಲದ ಮದ್ದಿನ ತೋಟೆ ಅದಕ್ಕಲ್ಲ. ಒಳಗೊಳಗೇ ತುಕ್ಕು ಹಿಡಿದಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಲೈಸೆನ್ಸ್ ಇರುವ ಒಳ್ಳೆಯ ಗನ್‌ಸ್ಮಿತ್ ನೋಡುವ ತನಕ ಅದರಲ್ಲಿ ಒಂದೂ ಹೊಡೆಯಬೇಡಿ.

ಎರಡನೆಯದು, ಚೇಂಬರಿನ ಉದ್ದ. ಹಳೇ ಇಂಗ್ಲಿಷ್ ಕೋವಿಗಳು ಸಾಮಾನ್ಯವಾಗಿ ಎರಡೂವರೆ ಇಂಚಿನವು, ಅಂದರೆ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಸಿಗುವುದು ಜಾಸ್ತಿ 70ರ ತೋಟೆ. ಮೋಸ ಎಲ್ಲಿ ಅಂದರೆ, 70ರ ತೋಟೆ ಆ ಚೇಂಬರಿಗೆ ಆರಾಮಾಗಿ ಹೋಗುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಆ ಉದ್ದ ಹೇಳುವುದು ಹೊಡೆದ ಮೇಲೆ ತೋಟೆಯ ಬಾಯಿ ಬಿಚ್ಚಿದಾಗಿನ ಅಳತೆ. ಬಾಯಿ ಬಿಚ್ಚಲು ಜಾಗ ಇಲ್ಲದೆ ಚರೆ ಇಕ್ಕಟ್ಟಿನಲ್ಲಿ ನುಗ್ಗುತ್ತದೆ, ಒತ್ತಡ ಏರುತ್ತದೆ. ನಳಿಗೆಯ ತಳದಲ್ಲಿ ಅಳತೆ ಕೊರೆದಿರಬಹುದು, ನೋಡಿ.

ಕುಂಬಳೆ ಕಡಲು

ಜೋಡು ನಳಿಗೆ ಕೋವಿಗೆ ಇನ್ನೆರಡು ಸುಲಭ ಪರೀಕ್ಷೆ ಉಂಟು. ನನಗೆ ಶೂಟಿಂಗ್ ರೇಂಜಿನ ಹಿರಿಯರು ಹೇಳಿಕೊಟ್ಟದ್ದು.

ಮುಂದಿನ ಮರದ ಹಿಡಿ ತೆಗೆದು, ಕೋವಿ ಮುಚ್ಚಿ, ನಳಿಗೆ ಹಿಡಿದು ಅಲ್ಲಾಡಿಸಿ ನೋಡಿ. ಟಕ ಟಕ ಅಂದರೆ ಸಂದು ಸಡಿಲ ಆಗಿದೆ. ಮುಚ್ಚಿದ ಕೋವಿಯನ್ನು ಬೆಳಕಿಗೆ ಹಿಡಿದಾಗ ನಳಿಗೆಯ ಹಿಂಬದಿಗೂ ಅದು ಒರಗುವ ಕೋವಿಯ ಕಬ್ಬಿಣದ ಗೋಡೆಗೂ ನಡುವೆ ಬೆಳಕಿನ ಗೆರೆ ಕಂಡರೂ ಅದೇ.

ಇನ್ನೊಂದು, ನಳಿಗೆಗಳನ್ನು ಬಿಚ್ಚಿ ದಾರದಲ್ಲಿ ನೇತು ಹಾಕಿ, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ದೇವಸ್ಥಾನದ ಗಂಟೆಯ ಹಾಗೆ ನಾದ ನಿಂತು ಬಂದರೆ ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಸರಿ ಉಂಟು. ಡಬ್ ಅಂತ ಸತ್ತ ಶಬ್ದ ಬಂದರೆ ಎಲ್ಲೋ ಬಿಟ್ಟಿದೆ.

ಮತ್ತೆ ನಮ್ಮ ಕಡೆಯವರಿಗೆ ಒಂದು ವಿಶೇಷ. ನಳಿಗೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಗೋಡೆಗೆ ತೂಗು ಹಾಕಿದ ಕೋವಿಯಲ್ಲಿ ಇದು ಮಾಮೂಲಿ. ಒಂದು ವಾರ ಮುಟ್ಟದಿದ್ದರೆ ಸಾಕು. ಹೊಸ ರೈಫಲ್ ಅಂಗಡಿಯಲ್ಲಿ ನಿಂತಿದ್ದರೂ ಅಷ್ಟೇ. ಪ್ರತಿ ಸಲ ಹೊರಡುವ ಮೊದಲು ನಳಿಗೆಯಲ್ಲಿ ಬೆಳಕು ನೋಡಲೇಬೇಕು.

ತಾಳವಾಡಿ ರಾಗಿಹೊಲ

ತುಂಬಾ ಉಪಕಾರ. ಹಾಗಾದರೆ ಅದು ಗೋಡೆಯ ಮೇಲೇ ಚೆಂದ. ಗನ್‌ಸ್ಮಿತ್ ಹತ್ತಿರ ಕೊಂಡುಹೋಗ್ತೀನಿ. ಹೇಗಿದ್ದರೂ ನಮ್ಮ ತೊಂದರೆ ಆನೆ, ಅದಕ್ಕೆ ಕೋವಿಯಲ್ಲಿ ಉತ್ತರ ಇಲ್ಲ.

ಮುಳ್ಳೇರಿಯದ ಅಡಿಕೆ

ಫೌಜಿ ಸರ್, ತಲೆಬಿಸಿ ಶುರುವಾಯಿತು. ಬೋಲ್ಟಿನ ನಂಬರ್ ಮತ್ತು ರಿಸೀವರ್ ನಂಬರ್ ಬೇರೆ ಬೇರೆ. ಕೊನೆಯ ಎರಡು ಅಂಕೆ ಹೊಂದುವುದಿಲ್ಲ. ಲೈಸೆನ್ಸಿನಲ್ಲಿ ಇರುವುದು ರಿಸೀವರಿನ ನಂಬರ್.

ಅಂಗಡಿಗೆ ಫೋನ್ ಮಾಡಿದೆ. "ಎಲ್ಲ ಒಂದೇ ಫ್ಯಾಕ್ಟರಿ, ಒಂದೇ ಅಳತೆ, ಯಾವ ಬೋಲ್ಟ್ ಹಾಕಿದರೂ ನಡೆಯುತ್ತದೆ. ಮುಚ್ಚಿಕೊಳ್ಳುತ್ತದೆ ಅಲ್ವಾ? ಮತ್ತೆಂತ?" ಅಂತ ಕೇಳಿದರು. ನಿಜ ಹೇಳಬೇಕೆಂದರೆ ಬೋಲ್ಟ್ ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಇದು ದೊಡ್ಡ ವಿಷಯವಾ?

ಪೆರ್ಲದ ಗಾಳಿ

ಎರಡು ನಂಬರ್ ವ್ಯತ್ಯಾಸ ಅಂದರೆ ಒಂದೇ ದಿನ ಮಾಡಿದ ರೈಫಲ್ ಇರಬೇಕು. ನಡೆಯುತ್ತದೆ ಅಂತ ನನಗೂ ಕಾಣುತ್ತದೆ. ಫೌಜಿಯವರು ಸೈನ್ಯದ ಶಿಸ್ತು ಹೇಳುತ್ತಿದ್ದಾರೆ.

ಜತ್ತದ ಫೌಜಿ

ದೊಡ್ಡ ವಿಷಯ. ಇಡೀ ಪರೀಕ್ಷೆಯಲ್ಲಿ ಇದೊಂದೇ ನೋಡಿ ಅಂದರೂ ನಾನು ಇದನ್ನೇ ಹೇಳುತ್ತಿದ್ದೆ.

ಆದದ್ದು ಹೀಗಿರಬೇಕು. ಗಿರಾಕಿಗೆ ತೋರಿಸಲು ಮೇಜಿನ ಮೇಲೆ ಮೂರ್ನಾಲ್ಕು ರೈಫಲ್ ಇಟ್ಟಿರುತ್ತಾರೆ. ಎಲ್ಲದರ ಬೋಲ್ಟ್ ತೆಗೆದು ನಳಿಗೆ ತೋರಿಸುತ್ತಾರೆ. ವಾಪಸ್ ಹಾಕುವಾಗ ಕೈಗೆ ಸಿಕ್ಕ ಬೋಲ್ಟ್ ಕೈಗೆ ಸಿಕ್ಕ ರೈಫಲ್ಲಿಗೆ. ಅದಲು ಬದಲು.

ಯಾಕೆ ಅಪಾಯ ಅಂತ ಹೇಳ್ತೀನಿ. 315ರ ತೋಟೆಯ ತಳದಲ್ಲಿ ಅಂಚು ಇದೆ ನೋಡಿ, ರಿಮ್. ತೋಟೆ ಚೇಂಬರಿನಲ್ಲಿ ನಿಲ್ಲುವುದು ಆ ಅಂಚಿನ ಮೇಲೆ. ಬೋಲ್ಟ್ ಮುಚ್ಚಿದಾಗ ಬೋಲ್ಟಿನ ಮುಖಕ್ಕೂ ತೋಟೆಯ ತಳಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಆ ಸಂದನ್ನು ತೀರ್ಮಾನಿಸುವ ಅಳತೆಯನ್ನು ನಾವು ಹೆಡ್‌ಸ್ಪೇಸ್ ಅಂತೀವಿ. ಸಂದು ಕಡಿಮೆಯಾದರೆ ಬೋಲ್ಟ್ ಮುಚ್ಚುವುದೇ ಇಲ್ಲ, ಅದು ನಿಮಗೆ ಗೊತ್ತಾಗುತ್ತದೆ. ಸಂದು ಜಾಸ್ತಿಯಾದರೆ ಬೋಲ್ಟ್ ಇನ್ನೂ ಸಲೀಸಾಗಿ ಮುಚ್ಚುತ್ತದೆ! ಅಂಗಡಿಯವರು ಹೇಳಿದ "ಮುಚ್ಚಿಕೊಳ್ಳುತ್ತದೆ ಅಲ್ವಾ" ಅನ್ನುವುದಕ್ಕೆ ಅರ್ಥವೇ ಇಲ್ಲ. ಸಂದು ಜಾಸ್ತಿ ಇದ್ದು ಹೊಡೆದರೆ ತೋಟೆಯ ಹಿತ್ತಾಳೆ ಮುಂದಕ್ಕೆ ಕಚ್ಚಿ ನಿಂತು, ತಳ ಹಿಂದಕ್ಕೆ ಜಗ್ಗಿ, ತಳದ ಸ್ವಲ್ಪ ಮೇಲೆ ಹರಿಯಬಹುದು. ಬಿಸಿ ಗ್ಯಾಸು ಹಿಂದಕ್ಕೆ ಬರುತ್ತದೆ. ಅಲ್ಲಿ ಇರುವುದು ನಿಮ್ಮ ಕಣ್ಣು.

ಈ ಬಂದೂಕಿನಲ್ಲಿ ಆ ಸಂದನ್ನು ಕೂರಿಸುವುದು ಬೋಲ್ಟ್ ಹೆಡ್ ಮತ್ತು ಬೋಲ್ಟಿನ ಹಿಂದಿನ ಎರಡು ಲಗ್, ಅಂದರೆ ಬೋಲ್ಟನ್ನು ಬೀಗದ ಹಾಗೆ ಹಿಡಿದು ನಿಲ್ಲಿಸುವ ಉಬ್ಬುಗಳು. ಫ್ಯಾಕ್ಟರಿಯಲ್ಲಿ ಪ್ರತಿ ರಿಸೀವರಿಗೆ ಅದರದೇ ಬೋಲ್ಟ್ ಕೂರಿಸಿ ಗೇಜ್ ಹಾಕಿ ಅಳೆದು ನಂಬರ್ ಹೊಡೆಯುತ್ತಾರೆ. ಎರಡೂ ಲಗ್ ಸಮ ಕೂರಬೇಕು. ಬೇರೆ ಬೋಲ್ಟ್ ಹಾಕಿದರೆ ಒಂದೇ ಲಗ್ ಭಾರ ಹೊರಬಹುದು. ಪ್ರೂಫ್ ಮುದ್ರೆ ಕೂಡ ಆ ಜೋಡಿಗೇ ಹೊರತು ಈ ಜೋಡಿಗಲ್ಲ. ಪೆರ್ಲದವರೇ, ಒಂದೇ ದಿನ ಮಾಡಿದ್ದು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರೋದಿಲ್ಲ. ಕೈಯಲ್ಲಿ ಕೂರಿಸಿದ್ದು, ಅಚ್ಚಿನಲ್ಲಿ ಹೊಡೆದದ್ದಲ್ಲ.

ಅಡಿಕೆಯವರೇ, ಬೋಲ್ಟ್ ಒಂದನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಬೇಡಿ. ಪೂರ್ತಿ ರೈಫಲ್, ಕವರಿನೊಳಗೆ, ಲೈಸೆನ್ಸ್ ಮತ್ತು ಬಿಲ್ಲು ಜೊತೆಗೆ. ತೋಟೆ ಮನೆಯಲ್ಲೇ ಇರಲಿ. ನಿಮ್ಮ ರೈಫಲ್ಲಿನದೇ ಬೋಲ್ಟನ್ನು ಅಂಗಡಿಯವರು ಹುಡುಕಿ ಕೊಡಲೇಬೇಕು. ಇನ್ನೊಬ್ಬ ಗಿರಾಕಿಯ ಮನೆಯಲ್ಲಿ ನಿಮ್ಮ ಬೋಲ್ಟ್ ಇದ್ದರೆ ಅವರೂ ಅಪಾಯದಲ್ಲಿದ್ದಾರೆ, ಅದನ್ನೂ ಹೇಳಿ. ಸಿಗದಿದ್ದರೆ ಗೇಜ್ ಇರುವ ಗನ್‌ಸ್ಮಿತ್ ಪರೀಕ್ಷೆ ಮಾಡಿ ಕೂರಿಸಬೇಕು.

ಉಪ್ಪಳದ ಟೀಚರ್

ಓದಿ ಮೈ ಜುಮ್ಮೆಂದಿತು. ಹೊಸ ಮಿಕ್ಸಿ ತಂದರೆ ಗ್ಯಾರಂಟಿ ಕಾರ್ಡಿನಲ್ಲಿ ನಂಬರ್ ನೋಡುತ್ತೇವೆ, ಇದರಲ್ಲಿ ನೋಡಬೇಡ ಅಂತ ಹೇಳುತ್ತಾರಲ್ಲ!

ಕುಂಬಳೆ ಕಡಲು

ಅಡಿಕೆಯಣ್ಣ, ಫೋನಿನಲ್ಲಿ ಜಗಳ ಬೇಡ. ಎರಡೂ ನಂಬರಿನ ಫೋಟೋ ತೆಗೆದು ಇಟ್ಟುಕೊಂಡು, ಒಂದು ಕಾಗದದಲ್ಲಿ ಬರೆದುಕೊಡಿ, ಸಹಿ ಹಾಕಿಸಿಕೊಳ್ಳಿ. ಬರಹದಲ್ಲಿ ಕೇಳಿದರೆ "ಎಲ್ಲ ಒಂದೇ" ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಮುಳ್ಳೇರಿಯದ ಅಡಿಕೆ

ಹೋಗಿ ಬಂದೆ. ಮೊದಲು ಹಾಗೆ ಹೀಗೆ ಅಂದರು. ಬರಹದಲ್ಲಿ ಕೊಡಿ ಅಂದ ಮೇಲೆ ಒಳಗೆ ಹೋಗಿ ರಿಜಿಸ್ಟರ್ ತೆಗೆದರು. ನನ್ನ ಬೋಲ್ಟ್ ಸಿಕ್ಕಿತು, ಅಂಗಡಿಯಲ್ಲೇ ಉಳಿದಿದ್ದ ಇನ್ನೊಂದು ರೈಫಲ್ಲಿನಲ್ಲಿ. ಈಗ ನಂಬರ್ ಹೊಂದುತ್ತದೆ. ಪುಣ್ಯಕ್ಕೆ ಆ ಇನ್ನೊಂದು ಮಾರಾಟ ಆಗಿರಲಿಲ್ಲ.

ಮುಂದೆ ಎಂತ ನೋಡಬೇಕು ಸರ್?

ಜತ್ತದ ಫೌಜಿ

ಶಭಾಷ್. ಈಗ ಟ್ರಿಗರ್ ಮತ್ತು ಸೇಫ್ಟಿ. ಖಾಲಿ ಇದೆ ಅಂತ ಮತ್ತೊಮ್ಮೆ ನೋಡಿ, ಬಾಯಿ ಗಟ್ಟಿ ಮಣ್ಣಿನ ಕಡೆಗೆ ಇರಲಿ. ಖಾಲಿ ರೈಫಲ್ ಆದರೂ.

ಬೋಲ್ಟ್ ಮುಚ್ಚಿ. ಈ ಜಾತಿಯದು ಮುಚ್ಚುವಾಗ ಕಾಕ್ ಆಗುತ್ತದೆ, ಅಂದರೆ ತೋಟೆಗೆ ಬಡಿಯುವ ಪಿನ್ನು ಹೊಡೆಯಲು ಸಿದ್ಧವಾಗುತ್ತದೆ, ಕೊನೆಗೆ ಸ್ಪ್ರಿಂಗ್ ಒತ್ತುವುದು ಕೈಗೆ ಗೊತ್ತಾಗಬೇಕು. ಎಡಗಡೆ ಹಿಂದೆ ಇರುವ ಸೇಫ್ಟಿಯನ್ನು ಹಿಂದಕ್ಕೆ ತಿರುಗಿಸಿ. ಈಗ ಬೋಲ್ಟ್ ಏಳಬಾರದು. ಟ್ರಿಗರನ್ನು ಜೋರಾಗಿ ಎಳೆಯಿರಿ, ಏನೂ ಆಗಬಾರದು. ಟ್ರಿಗರ್ ಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ಮುಂದಕ್ಕೆ ಮಾಡಿ. ಬಹಳ ಜನ ಇದನ್ನು ಮಾಡುವುದಿಲ್ಲ. ಸೇಫ್ಟಿ ತೆಗೆದ ಕೂಡಲೇ ಪಿನ್ನು ತಾನಾಗಿ ಟಿಕ್ ಅಂತ ಬಿದ್ದರೆ ಆ ರೈಫಲ್ ಅಂಗಡಿಗೆ ವಾಪಸ್.

ಆಮೇಲೆ ಕಾಕ್ ಆಗಿರುವಾಗ ಬಟ್ಟನ್ನು, ಅಂದರೆ ಭುಜಕ್ಕೆ ಒತ್ತುವ ಮರದ ತುದಿಯನ್ನು, ದಪ್ಪ ರಬ್ಬರ್ ಹಾಸಿನ ಮೇಲೆ ಕುಟ್ಟಿ, ಬೀಳಬಾರದು. ಬೋಲ್ಟನ್ನು ರಭಸದಿಂದ ಮುಚ್ಚಿ, ಬೀಳಬಾರದು. ಬೋಲ್ಟಿನ ಹಿಡಿ ಅರ್ಧ ಎತ್ತಿ ಟ್ರಿಗರ್ ಎಳೆದರೆ ಪಿನ್ನು ಪೂರಾ ಮುಂದಕ್ಕೆ ಹೊಡೆಯಬಾರದು. ಪೂರ್ತಿ ಮುಚ್ಚದ ಬೋಲ್ಟಿನಲ್ಲಿ ಈಡು ಆಗಬಾರದು ಅಂತ.

ಟ್ರಿಗರ್ ಎರಡು ಹಂತದ್ದು. ಮೊದಲು ಸ್ವಲ್ಪ ಹಗುರ, ಆಮೇಲೆ ಗಟ್ಟಿ. ಅಡಿಕೆ ತೂಗುವ ಸ್ಪ್ರಿಂಗ್ ತಕ್ಕಡಿ ಇದ್ದರೆ ಟ್ರಿಗರಿಗೆ ಸಿಕ್ಕಿಸಿ ಎಳೆದು ನೋಡಿ. ಹಳೇ 303ಯಲ್ಲಿ ಎರಡೂವರೆ ಕಿಲೋ ಆಸುಪಾಸು ಇರುತ್ತಿತ್ತು. ಹೊಸದರಲ್ಲಿ ಇನ್ನೂ ಗಟ್ಟಿ ಇದ್ದರೆ ಬೈಯಬೇಡಿ. ಒಂದು ಕಿಲೋಗೇ ಬಿದ್ದರೆ ಭಯಪಡಿ. ಅರ ತಗೊಂಡು ನೀವೇ ಉಜ್ಜಲು ಹೋಗಬೇಡಿ, ಆ ಕೆಲಸ ಗನ್‌ಸ್ಮಿತ್‌ಗೇ.

ಬೋಲ್ಟಿನೊಳಗಿನ ಗ್ರೀಸನ್ನೂ ತೊಳೆಸಬೇಕು. ಪಿನ್ನಿನ ಸ್ಪ್ರಿಂಗ್ ಒಳಗೆ ಗ್ರೀಸು ಗಟ್ಟಿಯಾದರೆ ಪಿನ್ನು ನಿಧಾನ ಹೊಡೆಯುತ್ತದೆ, ತೋಟೆ ಹಾರುವುದಿಲ್ಲ. ಬಿಚ್ಚಲು ಬೇರೆಯೇ ಒಂದು ಹತ್ಯಾರು ಬೇಕು, ಇಕ್ಕಳ ಹಾಕಿ ತಿರುಗಿಸಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿ, ಅಲ್ಲಾಡಿಸಿ, ಒಣಗಿಸಿದರೂ ಸಾಕಷ್ಟು ಹೋಗುತ್ತದೆ.

ಪೆರ್ಲದ ಗಾಳಿ

ಎಣ್ಣೆ ಯಾವುದು ಹಾಕುವುದು? ನಾವು ತೆಂಗಿನೆಣ್ಣೆ ಹಾಕುತ್ತೇವೆ, ಮನೆಯದೇ ಉಂಟಲ್ಲ.

ಕುಂಬಳೆ ಕಡಲು

ತೆಂಗಿನೆಣ್ಣೆ ದೋಸೆಗೆ ಇರಲಿ. 24 ಡಿಗ್ರಿ ಕೆಳಗೆ ಹೋದರೆ ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಗ್ಗೆ ಬಾಟ್ಲಿಯಲ್ಲಿ ನೋಡಿಲ್ವಾ? ಹಳತಾದರೆ ಕಮಟಾಗುತ್ತದೆ, ಅಂಟಾಗುತ್ತದೆ. ಗನ್ ಆಯಿಲ್ ಇಲ್ಲದಿದ್ದರೆ ಹೊಲಿಗೆ ಮೆಶಿನಿನ ಎಣ್ಣೆ ಪರವಾಗಿಲ್ಲ. ತೆಳ್ಳಗೆ, ಬಟ್ಟೆಯಲ್ಲಿ ಒರೆಸುವಷ್ಟು.

ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ. ತುಕ್ಕು ಹೊರಗೆ ಕಾಣುವ ಮೊದಲು ಮರದ ಕೆಳಗೆ ಶುರುವಾಗುತ್ತದೆ. ಲೆದರ್ ಕವರಿನಲ್ಲಿ, ರೆಕ್ಸಿನ್ ಕವರಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಅದು ತೇವ ಹಿಡಿದುಕೊಳ್ಳುತ್ತದೆ. ಕವರ್ ಹೊತ್ತುಕೊಂಡು ಹೋಗಲು ಮಾತ್ರ.

ಮಡಕಶಿರದ ಶೇಂಗಾ

ಎಲೆಕ್ಷನ್ ಟೈಮಲ್ಲಿ ಸ್ಟೇಷನ್ನಿಗೆ ಕೊಟ್ಟು ವಾಪಸ್ ತಗೊಂಡ ಕೋವಿನೂ ಹೊಸದರ ಹಾಗೇ ಪರೀಕ್ಷೆ ಮಾಡಬೇಕು ಅಂತೀನಿ. ನಮ್ಮ ದೊಡ್ಡಪ್ಪನ ಕೋವಿ ಒಂದು ಸಲ ಗೋಡೆ ಸೋರೋ ಕೋಣೆಯಿಂದ ಬಂತು. ನಳಿಗೆ ಒಳಗೆ ಕೆಂಪು ಪುಡಿ.

ಜತ್ತದ ಫೌಜಿ

ನೂರಕ್ಕೆ ನೂರು ನಿಜ. ಕೈ ಬಿಟ್ಟು ಹೋಗಿ ವಾಪಸ್ ಬಂದ ಯಾವ ಬಂದೂಕಾದರೂ ಹೊಸದೇ.

ಅಡಿಕೆಯವರೇ, ಇನ್ನು ಮ್ಯಾಗಜಿನ್. ಡಮ್ಮಿ ತೋಟೆ ಸಿಕ್ಕರೆ ಮಾತ್ರ ಮನೆಯಲ್ಲಿ ನೋಡಿ. ನಿಜವಾದ ತೋಟೆ ಹಾಕಿ "ಸುಮ್ನೆ ಓಡಿಸಿ ನೋಡ್ತೀನಿ" ಅನ್ನುವುದು ಬೇಡವೇ ಬೇಡ. ರಿಮ್ ಇರುವ ತೋಟೆ ಆದ್ದರಿಂದ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬೋಲ್ಟ್ ನಿಲ್ಲುತ್ತದೆ. ಹೊಸಬರು ಇದನ್ನು ರೈಫಲ್ಲಿನ ದೋಷ ಅಂತ ತಿಳಿಯುತ್ತಾರೆ. ಹಾಕುವ ಕ್ರಮದ ವಿಷಯ ಅಷ್ಟೇ. ಬೋಲ್ಟ್ ಎಳೆದಾಗ ಡಮ್ಮಿ ಪ್ರತಿ ಸಲ ಹೊರಗೆ ಹಾರಬೇಕು.

ಮರದ ಭಾಗದಲ್ಲಿ ಬಟ್ ಅಲ್ಲಾಡಬಾರದು, ಟ್ರಿಗರ್ ಗಾರ್ಡಿನ ಸ್ಕ್ರೂ ಬಿಗಿ ಇರಬೇಕು, ಬಟ್ ಸೇರುವ ಜಾಗದಲ್ಲಿ ಕೂದಲಿನಷ್ಟು ಬಿರುಕು ಇದೆಯಾ ನೋಡಿ.

ತಾಳವಾಡಿ ರಾಗಿಹೊಲ

22 ರೈಫಲ್ಲಿಗೂ ಇದೇ ಪರೀಕ್ಷೆನಾ ಸಾರ್? ನಮ್ಮ ಹುಡುಗ ಕಾಲೇಜಿನಲ್ಲಿ ಎನ್‌ಸಿಸಿ, ಶೂಟಿಂಗ್ ಆಸೆ ಅವನಿಗೆ.

ಕುಂಬಳೆ ಕಡಲು

ಒಂದು ವ್ಯತ್ಯಾಸ ಉಂಟು. 22ರಲ್ಲಿ ಪಿನ್ನು ತೋಟೆಯ ಅಂಚಿಗೆ ಹೊಡೆಯುತ್ತದೆ. ಖಾಲಿ ಚೇಂಬರಿನಲ್ಲಿ ಟ್ರಿಗರ್ ಎಳೆದರೆ ಪಿನ್ನು ಚೇಂಬರಿನ ಅಂಚಿಗೇ ಬಡಿದು ಗುಳಿ ಬೀಳಬಹುದು. ಖಾಲಿ ಹೊಡೆಯುವ ಅಭ್ಯಾಸ ಅದರಲ್ಲಿ ಬೇಡ. ಸ್ಪ್ರಿಂಗ್ ಏರ್ ರೈಫಲ್ಲಿನಲ್ಲೂ ಪೆಲೆಟ್ ಇಲ್ಲದೆ ಹೊಡೆಯಬಾರದು, ಒಳಗಿನ ಪಿಸ್ಟನ್ ಕೆಡುತ್ತದೆ. ಹುಡುಗನನ್ನು ಏರ್ ರೈಫಲ್ಲಿನಿಂದಲೇ ಶುರು ಮಾಡಿಸಿ.

ಮುಳ್ಳೇರಿಯದ ಅಡಿಕೆ

ಎಲ್ಲ ನೋಡಿದೆ. ಸೇಫ್ಟಿ ಸರಿ, ಕುಟ್ಟಿದರೂ ಬೀಳಲಿಲ್ಲ. ಟ್ರಿಗರ್ ಮಾತ್ರ ಎತ್ತಿನ ಗಾಡಿ ಎಳೆದ ಹಾಗೆ. ಗನ್‌ಸ್ಮಿತ್ ಹತ್ತಿರ ಗೇಜ್ ಹಾಕಿಸಿದ್ದೂ ಆಯಿತು, ಹೆಡ್‌ಸ್ಪೇಸ್ ಸರಿ ಉಂಟು ಅಂದರು. ಬರುವ ವಾರ ರೇಂಜಿಗೆ ಹೋಗುತ್ತೇನೆ. ಕೋರೆಗೆ ಅಲ್ಲ, ಪೆರ್ಲದ ಭಾವ ಬೇಜಾರು ಮಾಡಬೇಡಿ.

ಪೆರ್ಲದ ಗಾಳಿ

ಇಲ್ಲ ಭಾವ. ನಾನೂ ನನ್ನ ಕೋವಿಯ ಚೇಂಬರ್ ಅಳತೆ ಹುಡುಕುತ್ತಾ ಕೂತಿದ್ದೇನೆ. 65 ಅಂತ ಕಾಣುತ್ತದೆ. ಇಷ್ಟು ದಿನ ಯಾವ ತೋಟೆ ಹಾಕಿದ್ದು ಅಂತ ಡಬ್ಬಿ ಹುಡುಕಬೇಕು.

ಜತ್ತದ ಫೌಜಿ

ಡಬ್ಬಿಯ ಮೇಲೆ ಬರೆದಿರುತ್ತದೆ. 70 ಅಂತ ಇದ್ದರೆ ಪಕ್ಕಕ್ಕೆ ಇಡಿ.

ರೇಂಜಿನ ಮಾತು, ಅಡಿಕೆಯವರೇ. ಕನ್ನಡಕ, ಕಿವಿಗೆ ಮುಚ್ಚಳ ಬೇಕೇ ಬೇಕು. ಮೊದಲು ಮ್ಯಾಗಜಿನ್ ತುಂಬಬೇಡಿ, ಒಂದೊಂದೇ ತೋಟೆ. ಹಸಿರು ಕಿಲುಬು ಹಿಡಿದ, ಗುಂಡು ಅಲ್ಲಾಡುವ ತೋಟೆ ಬೇಡ. ಒಂದು ಹೊಡೆದ ಕೂಡಲೇ ಬೋಲ್ಟ್ ತೆಗೆದು ಖಾಲಿ ಹಿತ್ತಾಳೆ ನೋಡಿ. ಎಳೆಯಲು ಕಷ್ಟ ಆಯಿತಾ? ತಳದ ನಡುವಿನ ಕ್ಯಾಪ್ ತೂತಾಗಿದೆಯಾ, ಚಪ್ಪಟೆಯಾಗಿ ಹರಡಿದೆಯಾ? ತಳದ ಸ್ವಲ್ಪ ಮೇಲೆ ಸುತ್ತ ಹೊಳೆಯುವ ಗೆರೆ ಅಥವಾ ಸೀಳು ಇದೆಯಾ? ಇವುಗಳಲ್ಲಿ ಒಂದು ಕಂಡರೂ ಎರಡನೇ ತೋಟೆ ಹಾಕಬೇಡಿ.

ಟ್ರಿಗರ್ ಎಳೆದು ಟಿಕ್ ಅಂತ ಮಾತ್ರ ಆಗಿ ಈಡು ಆಗದಿದ್ದರೆ ಬೋಲ್ಟ್ ಕೂಡಲೇ ತೆಗೆಯಬೇಡಿ. ಬಾಯಿ ಗುರಿಯ ಕಡೆಗೇ ಇರಲಿ, ಕಡಿಮೆ ಅಂದರೆ ಅರ್ಧ ನಿಮಿಷ ಕಾಯಿರಿ. ಕೆಲವು ಸಲ ತೋಟೆ ತಡವಾಗಿ ಹಾರುತ್ತದೆ. ಇನ್ನೊಂದು, ಈಡಿನ ಶಬ್ದ ಪುಸ್ಕ್ ಅಂತ ಮೆತ್ತಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಬೋಲ್ಟ್ ಹೊರಗೆ ತೆಗೆದು ಬೆಳಕು ನೋಡಿದ ಮೇಲೆಯೇ ಮುಂದಿನದು.

ಉಪ್ಪಳದ ಟೀಚರ್

ಮನೆಯಲ್ಲಿ ಮಕ್ಕಳಿದ್ದರೆ ಎಲ್ಲಿಡುತ್ತೀರಿ?

ಮುಳ್ಳೇರಿಯದ ಅಡಿಕೆ

ಟೀಚರ್, ಕಬ್ಬಿಣದ ಕಪಾಟು ಮಾಡಿಸಿದ್ದೇನೆ. ಬೋಲ್ಟ್ ಬೇರೆ ಬೀಗದಲ್ಲಿ, ತೋಟೆ ಬೇರೆ ಬೀಗದಲ್ಲಿ. ಎರಡು ಬೀಗದ ಕೈಯೂ ನನ್ನ ಹತ್ತಿರವೇ.

ಮುಳ್ಳೇರಿಯದ ಅಡಿಕೆ

ರೇಂಜಿನಿಂದ ಬಂದೆ. ಹಿತ್ತಾಳೆ ಎಲ್ಲ ಶುದ್ಧ, ಗೆರೆ ಇಲ್ಲ, ಕ್ಯಾಪ್ ಸರಿ ಉಂಟು. ಆದರೆ ಎಲ್ಲ ಗುಂಡೂ ಗುರಿಗಿಂತ ಬಲಕ್ಕೆ ಬೀಳುತ್ತವೆ, ಒಂದೇ ಕಡೆ ಗುಂಪಾಗಿ. ಭುಜವೂ ಬಲಗಡೆಯೇ ನೋವು.

ಜತ್ತದ ಫೌಜಿ

ಗುಂಪಾಗಿ ಬೀಳುತ್ತಿದ್ದರೆ ರೈಫಲ್ ಚೆನ್ನಾಗಿದೆ. ಮುಂದಿನ ಸೈಟನ್ನು ಸ್ವಲ್ಪ ಬಲಕ್ಕೆ ತಳ್ಳಿಸಬೇಕು, ಗುಂಡು ಎಡಕ್ಕೆ ಬರುತ್ತದೆ. ಸುತ್ತಿಗೆ ಹಿಡಿಯಬೇಡಿ, ಗನ್‌ಸ್ಮಿತ್ ಹತ್ತಿರ ಅದಕ್ಕೆ ಸ್ಕ್ರೂ ಇರುವ ಹತ್ಯಾರು ಇರುತ್ತದೆ. ಹೊಡೆದ ದಿನವೇ ನಳಿಗೆ ಒರೆಸಿ ಎಣ್ಣೆ ಹಾಕಿ, ಮಾರನೇ ದಿನ ಇನ್ನೊಮ್ಮೆ ಚಿಂದಿ ಎಳೆಯಿರಿ. ನಿಮ್ಮ ಮಳೆಗೆ ಮೂರನೇ ದಿನವೂ ಎಳೆದರೆ ಒಳ್ಳೆಯದು.